ವಯಸ್ಸಾದಂತೆ ಬುದ್ಧಿ ಎತ್ತ ಸಾಗುತ್ತದೆ?

ಪಾಂಡುರಂಗ ವಾಮನ ಕಾಣೆಯವರ ‘ಧರ್ಮಶಾಸ್ತ್ರದ ಇತಿಹಾಸ’ದ ಮೊದಲ ಸಂಪುಟವನ್ನು ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ 1930ರಲ್ಲಿ ಹೊರತಂದಾಗ ಅವರಿಗೆ 50 ವರ್ಷ. ಎರಡನೆಯದು ಬಂದದ್ದು 1941ರಲ್ಲಿ, ಕೊನೆಯದು 1962ರಲ್ಲಿ. ಆ ಹೊತ್ತಿಗೆ ಅವರಿಗೆ 82 ತುಂಬಿತ್ತು. ಆರು ಸಾವಿರಕ್ಕೂ ಮಿಕ್ಕಿದ ಪುಟಗಳ ಈ ಕೃತಿಯಲ್ಲಿ ಮೊದಲ ಸಂಪುಟವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೊರಬಂದದ್ದು ಅವರಿಗೆ ಅರವತ್ತು ದಾಟಿದ ಮೇಲೆ. ‘ಅರವತ್ತಕ್ಕೆ ಅರಳುಮರುಳು’ ಎಂಬ ನಮ್ಮ ಗಾದೆಯನ್ನು ನಂಬುವುದಾದರೆ, ಭಾರತರತ್ನ ತಂದುಕೊಟ್ಟ ಈ ವಿದ್ವತ್ತಿನ ಬಹುಪಾಲನ್ನು ಅರಳುಮರುಳಿನ ಲೆಕ್ಕಕ್ಕೇ ಬರೆಯಬೇಕಾಗುತ್ತದೆ.

ಹಾಗೆಂದು ಗಾದೆ ಹುಸಿಯಲ್ಲ. ಪುಣೆಯ ಯಾವುದೇ ಉದ್ಯಾನದ ‘ವಿರಂಗುಳಾ ಕೇಂದ್ರ’ದಲ್ಲಿ, ಅಂದರೆ ಹಿರಿಯರ ಹರಟೆಯ ಠಾವಿನಲ್ಲಿ, ಸಂಜೆ ಅರ್ಧ ಗಂಟೆ ಕೂತರೆ ಸಾಕು. ಪೇಶವೆಯರ ವಂಶಾವಳಿಯನ್ನು ತಡವರಿಸದೆ ಒಪ್ಪಿಸುವ ಆಜೋಬಾ, ನಿನ್ನೆ ಪರಿಚಯವಾದವರ ಹೆಸರಿಗಾಗಿ ಗಾಳಿಯಲ್ಲಿ ಬೆರಳಾಡಿಸುತ್ತಿರುತ್ತಾರೆ. ಬ್ರಿಟಿಷರ ಕಾಲದಿಂದಲೂ ‘ಪೆನ್ಷನರ ಊರು’ ಎನಿಸಿಕೊಂಡ ಈ ನಗರದಲ್ಲಿ ಎರಡೂ ಬಗೆಯ ಸಾಕ್ಷ್ಯ ಧಾರಾಳವಾಗಿದೆ. ಒಂದೇ ತಲೆಯಲ್ಲಿ ಒಂದು ಸೊರಗುತ್ತ ಇನ್ನೊಂದು ಬೆಳೆಯುವುದು ಹೇಗೆ ಎಂದು ಸಂಶೋಧಕರು ಮುಕ್ಕಾಲು ಶತಮಾನದಿಂದ ಕೇಳುತ್ತ ಬಂದಿದ್ದಾರೆ.

ಮೊದಲು ಅಳತೆಯ ಮಾತು. 1940ರ ದಶಕದಲ್ಲಿ ರೇಮಂಡ್ ಕ್ಯಾಟೆಲ್ ಬುದ್ಧಿಯನ್ನು ಎರಡಾಗಿ ಬೇರ್ಪಡಿಸಿದರು. ಹಿಂದೆಂದೂ ಕಾಣದ ಸಮಸ್ಯೆಯನ್ನು ನಿಂತ ನಿಲುವಿನಲ್ಲೇ ಬಿಡಿಸುವ ಚುರುಕು ಒಂದು. ಓದು, ಕಸುಬು, ಬದುಕಿನಿಂದ ಕೂಡಿಬಂದ ಗಳಿಕೆ ಇನ್ನೊಂದು. ಚುರುಕು ಇಪ್ಪತ್ತರ ಆಸುಪಾಸಿನಲ್ಲೇ ತುತ್ತತುದಿ ಮುಟ್ಟಿ ನಿಧಾನವಾಗಿ ಇಳಿಯುತ್ತದೆ. ಗಳಿಕೆ ಬಹುಕಾಲ ಏರುತ್ತಲೇ ಹೋಗುತ್ತದೆ. 2015ರಲ್ಲಿ ಹಾರ್ಟ್‌ಶೋರ್ನ್ ಮತ್ತು ಜರ್ಮೈನ್ ಸಾವಿರಾರು ಜನರ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಲ್ಲ ಶಕ್ತಿಗಳೂ ಒಟ್ಟಿಗೆ ಶಿಖರ ಮುಟ್ಟುವ ವಯಸ್ಸೇ ಇಲ್ಲವೆಂದು ತಿಳಿಯಿತು. ಸಂಕೇತಗಳನ್ನು ಹೊಂದಿಸುವ ವೇಗ ಹದಿಹರೆಯ ಮುಗಿಯುವಾಗ ತುದಿಯಲ್ಲಿರುತ್ತದೆ. ಪದಸಂಪತ್ತು ಅರವತ್ತು ದಾಟಿದ ಮೇಲೂ ಏರುತ್ತಿರುತ್ತದೆ. ಎದುರಿನವರ ಕಣ್ಣು ನೋಡಿ ಮನಸ್ಸರಿಯುವ ಶಕ್ತಿ ನಡುವಯಸ್ಸಿನದು. ಅಂದಮೇಲೆ ‘ಬುದ್ಧಿ ಯಾವಾಗ ಇಳಿಯುತ್ತದೆ’ ಎಂದು ಕೇಳುವವರು ಯಾವ ಬುದ್ಧಿ ಎಂದು ಮೊದಲು ಹೇಳಬೇಕು.

ಅಳೆಯುವ ಕ್ರಮವೇ ಮುದುಕರ ಮೇಲೆ ಬಹುಕಾಲ ಅನ್ಯಾಯ ಮಾಡಿತ್ತು. ಇಂದಿನ ಇಪ್ಪತ್ತರವರನ್ನೂ ಇಂದಿನ ಎಪ್ಪತ್ತರವರನ್ನೂ ಒಂದೇ ದಿನ ಪರೀಕ್ಷಿಸಿ, ಅಂಕಗಳ ನಡುವಿನ ಅಂತರವನ್ನೆಲ್ಲ ಮುಪ್ಪಿನ ತಲೆಗೆ ಕಟ್ಟುತ್ತಿದ್ದರು. ಎಪ್ಪತ್ತರವರು ಶಾಲೆ ಕಂಡದ್ದೇ ಕಡಿಮೆ, ಉಂಡ ಊಟ ಬೇರೆ, ಕಾಲವೇ ಬೇರೆ ಎಂಬುದು ಲೆಕ್ಕಕ್ಕೆ ಬರಲೇ ಇಲ್ಲ. ವಾರ್ನರ್ ಶಾಯಿ 1956ರಲ್ಲಿ ಸಿಯಾಟಲ್‌ನಲ್ಲಿ ಶುರು ಮಾಡಿದ ಅಧ್ಯಯನ ಈ ಗೊಂದಲ ಬಿಡಿಸಿತು. ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಪರೀಕ್ಷಿಸುತ್ತ ಹೋದಾಗ, ಬಹುತೇಕರ ಹೆಚ್ಚಿನ ಶಕ್ತಿಗಳು ಅರವತ್ತರವರೆಗೆ ಹೇಳಿಕೊಳ್ಳುವಂಥ ಇಳಿತ ಕಾಣುವುದಿಲ್ಲವೆಂದೂ, ಆಮೇಲಿನ ಇಳಿತ ಕೂಡ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯೆಂದೂ ಕಂಡುಬಂತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ಪಾಠ ಇದೇ. ಭಾರತದಲ್ಲಿ ಇದು ಹೇಗೆ ಇಮ್ಮಡಿಯಾಗಿ ಅನ್ವಯಿಸುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮರೆವಿನ ಬಗ್ಗೆ ಒಂದು ವಾದವಿದೆ. ಅದನ್ನು ವಿವರಿಸಲು ಪುಣೆಗಿಂತ ಒಳ್ಳೆಯ ಜಾಗವಿಲ್ಲ. ಯೆರವಡೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಎಸ್.ಎಂ. ಕತ್ರೆಯವರು ಐತಿಹಾಸಿಕ ಕ್ರಮದ ಸಂಸ್ಕೃತ ಮಹಾಕೋಶಕ್ಕೆ ಕೈಹಾಕಿದರು. ಸಾವಿರದೈನೂರರಷ್ಟು ಗ್ರಂಥಗಳಿಂದ ತೆಗೆದ ಸುಮಾರು ಒಂದು ಕೋಟಿ ಚೀಟಿಗಳು ಅಲ್ಲಿನ ಕಪಾಟುಗಳಲ್ಲಿವೆ. ಮೊದಲ ಸಂಪುಟ ಬಂದದ್ದು 1976ರಲ್ಲಿ. ತಲೆಮಾರುಗಳು ಉರುಳಿದರೂ ಕೆಲಸ ಅಕಾರದ ಸುತ್ತಲೇ ಇದೆ. ಹತ್ತು ಸಾವಿರ ಪದದ ಶಾಲಾ ನಿಘಂಟಿನಲ್ಲಿ ಒಂದು ಪದ ಹುಡುಕುವುದಕ್ಕೂ ಈ ಚೀಟಿಗಳ ನಡುವೆ ಹುಡುಕುವುದಕ್ಕೂ ಹಿಡಿಯುವ ಹೊತ್ತು ಒಂದೇ ಆದೀತೇ? ಮೈಕೇಲ್ ರಾಮ್ಸ್ಕರ್ ಮತ್ತು ಸಂಗಡಿಗರು 2014ರಲ್ಲಿ ಮುಂದಿಟ್ಟ ವಾದ ಇದೇ ಜಾಡಿನದು: ವಯಸ್ಸಾದವರ ತಡವರಿಕೆಯಲ್ಲಿ ಒಂದು ಪಾಲು ನರಗಳ ಸವೆತದಿಂದಲ್ಲ, ತುಂಬಿದ ಭಂಡಾರದಲ್ಲಿ ಹುಡುಕುವ ಹೊರೆಯಿಂದ ಬಂದದ್ದು. ಮುದುಕರಿಗೆ ಹಿತವೆನಿಸುವ ಮಾತು. ಅದಕ್ಕೇ ತುಸು ಅನುಮಾನದಿಂದ ನೋಡುತ್ತೇನೆ. ಹೆಸರು ಮರೆಯುವುದಕ್ಕೆ ಇದು ಉತ್ತರವಾದೀತು. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಮರೆಯುವುದಕ್ಕೆ, ಒಂದು ಸುದ್ದಿಯನ್ನು ಯಾರ ಬಾಯಿಂದ ಕೇಳಿದೆ ಎಂಬುದು ಕಲಸಿಹೋಗುವುದಕ್ಕೆ ಉತ್ತರವಾಗದು. ಆ ಬಗೆಯ ನೆನಪು ವಯಸ್ಸಿನೊಂದಿಗೆ ನಿಜವಾಗಿಯೂ ಕುಂದುತ್ತದೆ.

ಕುಂದಿದ್ದನ್ನು ಜಾಣ್ಮೆಯಿಂದ ತುಂಬಿಕೊಳ್ಳುವ ಬಗೆ ಇದೆಯಲ್ಲ, ಅದು ಇನ್ನೂ ಸ್ವಾರಸ್ಯದ್ದು. ತಿಮೊಥಿ ಸಾಲ್ಟ್‌ಹೌಸ್ 1984ರಲ್ಲಿ ಬೆರಳಚ್ಚುಗಾರರನ್ನು ಪರೀಕ್ಷಿಸಿದರು. ಹಿರಿಯರ ಬೆರಳು ನಿಧಾನ, ಆದರೆ ಒಟ್ಟು ಕೆಲಸದ ವೇಗ ಕಿರಿಯರಷ್ಟೇ. ಕಾರಣ, ಹಿರಿಯರ ಕಣ್ಣು ಸಾಲಿನಲ್ಲಿ ಇನ್ನೂ ಕೆಲವು ಅಕ್ಷರ ಮುಂದಕ್ಕೆ ಓಡಿರುತ್ತಿತ್ತು. ಜರ್ಮನಿಯ ಪೌಲ್ ಬಾಲ್ಟೆಸ್ ಇಂಥದ್ದನ್ನೆಲ್ಲ ಒಂದು ತತ್ವವಾಗಿ ಕಟ್ಟಿದರು: ಕೆಲವನ್ನೇ ಆರಿಸಿಕೊಳ್ಳುವುದು, ಅವನ್ನು ಮಾಗಿಸುವುದು, ಸೋತ ಕಡೆ ಬೇರೆ ದಾರಿ ಹಿಡಿಯುವುದು. ಅವರ ನೆಚ್ಚಿನ ಉದಾಹರಣೆ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್. ಎಂಬತ್ತರಲ್ಲಿ ಆತ ಕಡಿಮೆ ಕೃತಿಗಳನ್ನು ನುಡಿಸುತ್ತಿದ್ದ, ಅವನ್ನೇ ಹೆಚ್ಚು ಅಭ್ಯಾಸ ಮಾಡುತ್ತಿದ್ದ, ದ್ರುತ ಭಾಗಕ್ಕೆ ಮೊದಲು ಬೇಕೆಂದೇ ನಿಧಾನಿಸುತ್ತಿದ್ದ. ಆಗ ಮುಂದಿನದು ಇದ್ದುದಕ್ಕಿಂತ ವೇಗವಾಗಿ ಕೇಳಿಸುತ್ತಿತ್ತು.

ನಾವು ಪೋಲೆಂಡಿನ ಪಿಯಾನೋದವರೆಗೆ ಹೋಗಬೇಕಿಲ್ಲ. 1922ರಲ್ಲಿ ಗದಗದ ನೆಲದಲ್ಲಿ ಹುಟ್ಟಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತು, ಪುಣೆಯಲ್ಲಿ ಮನೆ ಮಾಡಿ 2011ರಲ್ಲಿ ಅಲ್ಲೇ ತೀರಿಕೊಂಡ ಭೀಮಸೇನ ಜೋಶಿಯವರ ಬಗ್ಗೆ ಒಂದು ಹಳೆಯ ತಕರಾರಿತ್ತು: ರಾಗಗಳ ಪಟ್ಟಿ ಚಿಕ್ಕದು, ಹಾಡಿದ್ದನ್ನೇ ಹಾಡುತ್ತಾರೆ. ಮುಲ್ತಾನಿ, ಮಿಯಾ ಕಿ ತೋಡಿ, ಪೂರಿಯಾ ಧನಾಶ್ರೀ, ಶುದ್ಧ ಕಲ್ಯಾಣ, ದರಬಾರಿ ಎಂದು ಎಣಿಸಿದರೆ ಅವರ ಕಛೇರಿಗಳಲ್ಲಿ ದೊಡ್ಡ ಪಾಲು ಅದರಲ್ಲೇ ಬಂತು. ಬಾಲ್ಟೆಸ್‌ರನ್ನು ಓದಿದ ಮೇಲೆ ಆ ತಕರಾರು ಅರ್ಧ ಬಿದ್ದುಹೋಗುತ್ತದೆ. ಹರೆಯದ ಧ್ವನಿಮುದ್ರಿಕೆಯ ಸಿಡಿಲಿನಂಥ ತಾನಗಳನ್ನೂ ಎಪ್ಪತ್ತರ ನಂತರದ ಅದೇ ರಾಗವನ್ನೂ ಎದುರುಬದುರು ಇಟ್ಟು ಕೇಳಿ. ದಮ್ಮು ಕಡಿಮೆಯಾದ ಕಡೆ ವಿರಾಮ ಬಂದಿದೆ, ಸ್ವರ ಸಂಖ್ಯೆ ಇಳಿದಿದೆ, ರಾಗ ಮಾತ್ರ ಎರಡೇ ಸಂಚಾರದಲ್ಲಿ ಎದ್ದು ನಿಲ್ಲುತ್ತದೆ. ಕೆಲವರಿಗೆ ಹಳೆಯದೇ ಇಷ್ಟ, ಅದರಲ್ಲಿ ತಪ್ಪೇನಿಲ್ಲ.

ಇನ್ನೊಬ್ಬರು ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತು, 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದು ಅಲ್ಲೇ ನಿಂತವರು. 1966ರ ‘ಲೈಟ್ ಆನ್ ಯೋಗ’ದ ಚಿತ್ರಗಳಲ್ಲಿರುವುದು ಕಸುವು ಕುಂದದ ಮೈಯ ಪರಿಪೂರ್ಣತೆ. ಅರವತ್ತರ ಆಸುಪಾಸಿನಲ್ಲಿ ಸ್ಕೂಟರ್ ಅಪಘಾತವಾಗಿ, ಬಲ್ಲ ಆಸನಗಳನ್ನೇ ಅವರು ಬುಡದಿಂದ ಕಲಿಯಬೇಕಾಯಿತು. ಕುರ್ಚಿ, ಮರದ ಇಟ್ಟಿಗೆ, ಹಗ್ಗ, ಪಟ್ಟಿ ಮುಂತಾದ ಸಾಧನಗಳನ್ನು ಮೊದಲು ಹೂಡಿದ್ದು ಹೆಚ್ಚಾಗಿ ಶಿಷ್ಯರಿಗಾಗಿ. ಇಳಿವಯಸ್ಸಿನಲ್ಲಿ ಅವು ಅವರಿಗೇ ಒದಗಿದವು. 1975ರಲ್ಲಿ ಪುಣೆಯಲ್ಲಿ ತೆರೆದ ರಮಾಮಣಿ ಅಯ್ಯಂಗಾರ್ ಸ್ಮಾರಕ ಸಂಸ್ಥೆಯಲ್ಲಿ ಅವರು ತೊಂಬತ್ತು ದಾಟಿದ ಮೇಲೂ ದಿನನಿತ್ಯ ಅಭ್ಯಾಸ ಮಾಡುತ್ತಿದ್ದರು; 2011ರಲ್ಲಿ ಚೀನಾಕ್ಕೂ ಹೋಗಿಬಂದರು. ಹರೆಯದಲ್ಲಿ ಮೈ ತಾನಾಗಿ ಮಾಡುತ್ತಿದ್ದುದನ್ನು ಮುಪ್ಪಿನಲ್ಲಿ ಅರಿತು ಮಾಡಬೇಕಾಗುತ್ತದೆ. ಮೊಣಕಾಲು ನೋಯುವ ಸಾಮಾನ್ಯನಿಗೂ ಯೋಗ ಕಲಿಸುವ ಜ್ಞಾನ ಅವರಿಗೆ ದಕ್ಕಿದ್ದು, ನನ್ನ ಊಹೆಯಲ್ಲಿ, ಈ ಎರಡನೇ ಕಲಿಕೆಯಿಂದಲೂ ಹೌದು.

ಇದು ಕಸುಬಿನ ಮಾತಾಯಿತು. ವಿಚಾರ ಮಾಡುವ ಬಗೆಯೇ ವಯಸ್ಸಿನೊಂದಿಗೆ ಬದಲಾಗುತ್ತದೆಯೇ? ಪಿಯಾಜೆ ತನ್ನ ಮೆಟ್ಟಿಲುಗಳನ್ನು ಹದಿಹರೆಯಕ್ಕೆ ನಿಲ್ಲಿಸಿದ. ಅಮೂರ್ತ ತರ್ಕ ಕೈಗೆ ಸಿಕ್ಕಿದರೆ ಕಟ್ಟಡ ಮುಗಿಯಿತು ಎಂಬಂತೆ. 1970ರಲ್ಲಿ ವಿಲಿಯಂ ಪೆರ್ರಿ ಹಾರ್ವರ್ಡಿನ ವಿದ್ಯಾರ್ಥಿಗಳಲ್ಲಿ ಇದರ ಮುಂದಿನ ನಡೆಯನ್ನು ಕಂಡರು. ಮೊದಲು ಸರಿ-ತಪ್ಪು ಎರಡೇ. ಆಮೇಲೆ ಎಲ್ಲರದೂ ಅವರವರ ಅಭಿಪ್ರಾಯ. ಕೊನೆಗೆ, ಖಚಿತತೆ ಸಿಗದೆಂದು ತಿಳಿದೂ ಒಂದು ನಿಲುವಿಗೆ ಬದ್ಧರಾಗುವುದು. ಕ್ಲಾಸ್ ರೀಗೆಲ್ 1973ರಲ್ಲಿ ಇನ್ನೂ ಮುಂದೆ ಹೋಗಿ, ಪ್ರೌಢ ವಿಚಾರದ ಗುರುತು ವಿರೋಧವನ್ನು ಅಳಿಸುವುದಲ್ಲ, ಹೊತ್ತು ನಡೆಯುವುದು ಎಂದರು.

ಈ ಸಿದ್ಧಾಂತಗಳು ಜೀವ ತಳೆದು ಬರಬೇಕಾದರೆ ಧೋಂಡೋ ಕೇಶವ ಕರ್ವೆಯವರನ್ನು ನೋಡಬೇಕು. 1858ರಲ್ಲಿ ಹುಟ್ಟಿದ ಅವರು 1891ರಿಂದ 1914ರವರೆಗೆ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. 1893ರಲ್ಲಿ, ವಿಧವೆಯಾಗಿದ್ದ ಗೋದೂಬಾಯಿಯನ್ನು ಮದುವೆಯಾಗಿ ಊರಿನ ಬಹಿಷ್ಕಾರ ಎದುರಿಸಿದರು. 1896ರಲ್ಲಿ ವಿಧವೆಯರಿಗೆ ಆಶ್ರಮ. ಅಷ್ಟಕ್ಕೇ ನಿಂತಿದ್ದರೂ ಒಂದು ಜನ್ಮಕ್ಕೆ ಸಾಕಿತ್ತು. ಆದರೆ 58ರಲ್ಲಿ, ಅಂದರೆ 1916ರಲ್ಲಿ, ಜಪಾನಿನ ಮಾದರಿ ಓದಿ ಮಹಿಳೆಯರಿಗೊಂದು ವಿಶ್ವವಿದ್ಯಾಲಯ ಕಟ್ಟಿದರು. ಪ್ರಶ್ನೆ ವಿಧವೆಯರಿಂದ ಎಲ್ಲ ಹೆಂಗಸರಿಗೆ ಹಿಗ್ಗಿತು. ಎಪ್ಪತ್ತು ದಾಟಿ ಯುರೋಪು, ಅಮೆರಿಕ, ಜಪಾನ್ ಸುತ್ತಿದರು. 78ರಲ್ಲಿ ಹಳ್ಳಿಗಳ ಪ್ರಾಥಮಿಕ ಶಿಕ್ಷಣಕ್ಕೆ ಸಂಸ್ಥೆ. 86ರಲ್ಲಿ, 1944ರಲ್ಲಿ, ಜಾತಿಭೇದ ಅಳಿಯಲೆಂದು ಸಮತಾ ಸಂಘ. ನೂರನೇ ವರ್ಷ ಭಾರತರತ್ನ, 104ರಲ್ಲಿ ಸಾವು. ಈ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಹಳೆಯ ಉತ್ತರವನ್ನು ಮತ್ತೆ ಮತ್ತೆ ಹೇಳಿದ ಮನುಷ್ಯ ಕಾಣುವುದಿಲ್ಲ. ಪ್ರತಿ ಉತ್ತರವೂ ಅವರಿಗೆ ಇನ್ನೊಂದು ದೊಡ್ಡ ಪ್ರಶ್ನೆ ತೋರಿಸಿತು.

ಎಲ್ಲರೂ ಹೀಗಾಗುತ್ತಾರೆಯೇ? ಇಲ್ಲ. ಬಾಲ್ಟೆಸ್ ತಂಡ ಬರ್ಲಿನ್‌ನಲ್ಲಿ ವಿವೇಕವನ್ನೇ ಅಳೆಯಲು ಹೊರಟಿತು. ಬದುಕಿನ ಕಠಿಣ ಸಂದರ್ಭಗಳನ್ನು ಮುಂದಿಟ್ಟು, ಜನ ಹೇಗೆ ಯೋಚಿಸುತ್ತಾರೆಂದು ಅಂಕ ಕೊಟ್ಟರು. ಇಪ್ಪತ್ತೈದರಿಂದ ಎಪ್ಪತ್ತೈದರವರೆಗೆ ಅಂಕಗಳಿಗೂ ವಯಸ್ಸಿಗೂ ಹೇಳಿಕೊಳ್ಳುವ ಸಂಬಂಧವೇ ಸಿಗಲಿಲ್ಲ. ಇಳಿಯಲೂ ಇಲ್ಲ, ಏರಲೂ ಇಲ್ಲ. ‘ನಾನು ಎಷ್ಟು ದೀಪಾವಳಿ ಕಂಡಿದ್ದೇನೆ ಗೊತ್ತೇನೋ’ ಎಂದು ಮೀಸೆ ತಿರುವುವ ಹಿರಿಯರು ಇದನ್ನು ತುಸು ಗಮನಿಸಬೇಕು.

ವಯಸ್ಸಾದವರು ಹಳೆಯ ವಿಚಾರಕ್ಕೆ ಅಂಟಿಕೊಳ್ಳುತ್ತಾರೆ ಎಂಬ ದೂರು ವಿಜ್ಞಾನಿಗಳ ಬಗ್ಗೆಯೂ ಇದೆ. ಹಳಬರು ಸತ್ತ ಮೇಲೆಯೇ ಹೊಸ ಸತ್ಯ ಗೆಲ್ಲುವುದು ಎಂಬ ಅರ್ಥದ ಮಾತು ಮ್ಯಾಕ್ಸ್ ಪ್ಲಾಂಕ್‌ರದು. ಡೇವಿಡ್ ಹಲ್ ಮತ್ತು ಸಂಗಡಿಗರು 1978ರಲ್ಲಿ ಡಾರ್ವಿನ್ ಕಾಲದ ವಿಜ್ಞಾನಿಗಳ ಲೆಕ್ಕ ತೆಗೆದರು. ವಿಕಾಸವಾದವನ್ನು ಯಾರು ಬೇಗ ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬ ವ್ಯತ್ಯಾಸದಲ್ಲಿ ವಯಸ್ಸಿನ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಪುಣೆಯಲ್ಲಿ ಈ ಪ್ರಶ್ನೆ ಬಂದಾಗ ಜಯಂತ ನಾರಳೀಕರ್ ನೆನಪಾಗುತ್ತಾರೆ. 26ರಲ್ಲಿ ಫ್ರೆಡ್ ಹಾಯ್ಲ್ ಜೊತೆ ಗುರುತ್ವದ ಹೊಸ ಸಿದ್ಧಾಂತ ಮುಂದಿಟ್ಟವರು. ಬಹುತೇಕ ಜಗತ್ತು ಮಹಾಸ್ಫೋಟವನ್ನು ಒಪ್ಪಿದ ಮೇಲೂ 1993ರಲ್ಲಿ ಹಾಯ್ಲ್, ಬರ್ಬಿಜ್ ಜೊತೆ ಪರ್ಯಾಯ ಮಾದರಿಯೊಂದನ್ನು ಕಟ್ಟಿ, 2025ರಲ್ಲಿ ತೀರಿಕೊಳ್ಳುವವರೆಗೂ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಇದನ್ನು ಮುಪ್ಪಿನ ಹಟ ಎನ್ನುವವರು ಒಂದನ್ನು ಮರೆಯುತ್ತಾರೆ: ಇಪ್ಪತ್ತಾರರಲ್ಲೂ ಅವರು ಪ್ರವಾಹಕ್ಕೆ ಎದುರಾಗಿಯೇ ಈಜುತ್ತಿದ್ದರು. ವಯಸ್ಸು ಸ್ವಭಾವವನ್ನು ತಂದುಕೊಡಲಿಲ್ಲ, ಉಳಿಸಿತು.

ಸೃಜನಶೀಲತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕವಿಗಳು ಬೇಗ ಮಾಗುತ್ತಾರೆ, ಇತಿಹಾಸಕಾರರು ತಡವಾಗಿ ಎಂದು ಡೀನ್ ಸೈಮಂಟನ್ ಅಂಕಿಅಂಶ ತೋರಿಸುತ್ತಾರೆ. ಆದರೆ ಫರ್ಗ್ಯುಸನ್‌ನಲ್ಲಿ ಓದಿದ ಬೇಂದ್ರೆಯವರ ‘ನಾಕು ತಂತಿ’ ಅವರ 68ನೇ ವಯಸ್ಸಿನದು. ಅದೇ ಕಾಲೇಜಿನಲ್ಲಿ ಪಾಠ ಹೇಳಿದ ವಿ.ಕೃ. ಗೋಕಾಕರ ‘ಭಾರತ ಸಿಂಧು ರಶ್ಮಿ’ ಅಚ್ಚಾದದ್ದು ಅವರ 73ರಲ್ಲಿ. ಸರಾಸರಿಗಳು ಕನ್ನಡ ಓದುವುದಿಲ್ಲ.

ಪುಣೆಯ ಕನ್ನಡಿಗರಿಗೆ ನೇರವಾಗಿ ತಟ್ಟುವ ಸಂಶೋಧನೆ ಇನ್ನೊಂದು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ 648 ಮರೆಗುಳಿ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಅಕ್ಷರ ಬಾರದವರಲ್ಲೂ ಇದು ನಿಜವಾಗಿತ್ತು. ಹಾಗಾಗಿ ಇದು ಬರೀ ಓದಿನ ಫಲ ಎನ್ನುವಂತಿಲ್ಲ. ಸುದ್ದಿ ಜಗತ್ತಿಡೀ ಹರಡಿತು. ಆದರೆ ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಹಲವು ಅಧ್ಯಯನಗಳಲ್ಲಿ ಈ ಲಾಭ ಸ್ಪಷ್ಟವಾಗಿ ಕಂಡಿಲ್ಲ, ಚರ್ಚೆ ಮುಗಿದಿಲ್ಲ. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ಮರಾಠಿ, ಬ್ಯಾಂಕಿನಲ್ಲಿ ಹಿಂದಿ ಎಂದು ದಿನಕ್ಕೆ ನೂರು ಸಲ ಭಾಷೆ ಬದಲಿಸುವ ನಮ್ಮವರು ಇದನ್ನು ಖಾತರಿ ವಿಮೆ ಎಂದುಕೊಳ್ಳಬಾರದು, ಆದರೆ ಬಿಡಲೂಬಾರದು.

ಈಗ ಕಹಿ ಭಾಗ. ದೇಶದ ಹಿರಿಯರ ದೀರ್ಘಾವಧಿ ಅಧ್ಯಯನದ ಅಂಗವಾಗಿ ನಡೆದ ಪರಿಶೀಲನೆಯ ಪ್ರಕಾರ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಮರೆಗುಳಿತನದ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಹೆಂಗಸರ ಮೆದುಳೇ ದುರ್ಬಲ ಎಂದು ಯಾರೂ ಓದಿಕೊಳ್ಳಬೇಡಿ. ಶಾಲೆಗೆ ಹೋಗದಿರುವುದು ಈ ಕಾಯಿಲೆಗೆ ಗೊತ್ತಿರುವ ಅಪಾಯಗಳಲ್ಲೊಂದು, ಮತ್ತು ಈಗ ಎಪ್ಪತ್ತು ದಾಟಿದ ಹೆಂಗಸರಲ್ಲಿ ಶಾಲೆಯಿಂದ ಹೊರಗುಳಿದವರೇ ಹೆಚ್ಚು. ಎಂಟನೇ ವಯಸ್ಸಿನಲ್ಲಿ ವಿಧವೆಯಾಗಿ, ಇಪ್ಪತ್ತು ದಾಟಿದ ಮೇಲೆ ಪಂಡಿತಾ ರಮಾಬಾಯಿಯವರ ಶಾರದಾ ಸದನ ಸೇರಿದ ಗೋದೂಬಾಯಿ ಮುಂದೆ ಆತ್ಮಕಥೆಯನ್ನೇ ಬಿಟ್ಟುಹೋದರು. ಆ ಬಾಗಿಲು ಸಿಗದವರ ಲೆಕ್ಕ ಈಗ ಈ ಶೇಕಡಾವಾರಿನಲ್ಲಿ ಬಂದಿದೆ.

ಪರೀಕ್ಷೆಗಳದ್ದೂ ತೊಡಕು. ಪಶ್ಚಿಮದ ಪ್ರಶ್ನಾವಳಿ ಇಂಗ್ಲಿಷಿನ ಪದವೊಂದನ್ನು ತಿರುಗುಮುರುಗಾಗಿ ಹೇಳಲು, ಒಂದು ವಾಕ್ಯ ಬರೆಯಲು ಕೇಳುತ್ತದೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಅಧ್ಯಯನ ನಡೆಸಿದವರು ಇದನ್ನು ಮಾರ್ಪಡಿಸಿ, ವಾರಗಳ ಹೆಸರನ್ನು ಹಿಂದುಮುಂದಾಗಿ ಕೇಳಿದರು. ತಾರೀಕು ಗೊತ್ತಿಲ್ಲದ ಅಜ್ಜಿ ತಿಥಿ, ನಕ್ಷತ್ರ ತಪ್ಪದೆ ಹೇಳಬಲ್ಲಳು. ಅವಳಿಗೆ ಸೊನ್ನೆ ಕೊಟ್ಟರೆ ದಡ್ಡತನ ಯಾರದು? ಈ ನಿಟ್ಟಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಹತ್ತು ಸಾವಿರ ಹಳ್ಳಿಗರನ್ನು ಗುರಿಯಾಗಿಟ್ಟು ನಡೆಸುತ್ತಿರುವ ದೀರ್ಘ ಅಧ್ಯಯನ ಬಹಳ ಮುಖ್ಯ. ಸಿಯಾಟಲ್‌ನ ಉತ್ತರಗಳನ್ನು ನಾವು ಎಷ್ಟು ದಿನ ಸಾಲ ತರುವುದು?

ಪುಣೆಯಲ್ಲಿ ನಾನು ಹೆಚ್ಚು ಕಾಣುವ ಸಂಕಟ ಮಾತ್ರ ಯಾವ ಪ್ರಶ್ನಾವಳಿಗೂ ಸಿಕ್ಕುವುದಿಲ್ಲ. ಹಿಂಜೇವಾಡಿಯ ಐಟಿ ಕೆಲಸದ ಮಕ್ಕಳು ವಿಜಯಪುರ, ಬಾಗಲಕೋಟೆ, ಕಲಬುರಗಿಯಿಂದ ಅಪ್ಪ-ಅವ್ವನನ್ನು ಕರೆತಂದು ವಾಕಡದ ಫ್ಲ್ಯಾಟಿನಲ್ಲಿ ಕೂರಿಸುತ್ತಾರೆ. ಊರಿನಲ್ಲಿ ಆತ ಮಣ್ಣು ನೋಡಿ ಬಿತ್ತನೆ ಹೇಳುತ್ತಿದ್ದ, ಯಾರ ಜಮೀನಿನ ಬಾಂದು ಎಲ್ಲಿ ಎಂದು ಬಲ್ಲವ, ಸಂತೆಯ ದರ ನಾಲಗೆಯ ತುದಿಯಲ್ಲಿತ್ತು. ಇಲ್ಲಿ ಲಿಫ್ಟಿನ ಗುಂಡಿ, ಗೇಟಿನ ಆ್ಯಪ್, ಓಟಿಪಿ. ಗಳಿಕೆಯೆಲ್ಲ ಊರಿನಲ್ಲೇ ಉಳಿದು, ಇಳಿದುಹೋದ ಚುರುಕಿನ ಮೇಲಷ್ಟೇ ಬದುಕಬೇಕಾದ ಪಾಡು. ಆರು ತಿಂಗಳಿಗೆ ಸೊಸೆ ಮೆಲ್ಲಗೆ ಹೇಳುತ್ತಾಳೆ: ‘ಮಾಮಾಗ ಈಗೀಗ ಏನೂ ತಿಳಿಯಂಗಿಲ್ಲ.’ ತಿಳಿಯುತ್ತದೆ; ಕೇಳುವವರು ಬೇರೆಯದನ್ನು ಕೇಳುತ್ತಿದ್ದಾರೆ.

ಮೆದುಳಿನ ಆಟದ ಆ್ಯಪ್ ಕೊಡಿಸಿದರೆ ಸರಿಹೋದೀತೇ? ಅಮೆರಿಕದಲ್ಲಿ 2,832 ಹಿರಿಯರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ತರಬೇತಿ ಕೊಟ್ಟ ಶಕ್ತಿಯೇ ಸುಧಾರಿಸಿತು, ಅದರ ಲಾಭ ಉಳಿದವುಗಳಿಗೆ ಹೆಚ್ಚು ಹರಡಲಿಲ್ಲ. ಡೆನೀಸ್ ಪಾರ್ಕ್ 2014ರಲ್ಲಿ ತೋರಿಸಿದಂತೆ, ಡಿಜಿಟಲ್ ಫೋಟೋಗ್ರಫಿಯಂಥ ಕಷ್ಟದ ಹೊಸ ವಿದ್ಯೆಯನ್ನು ಮೂರು ತಿಂಗಳು ಕಲಿತವರ ನೆನಪು ಸುಧಾರಿಸಿತು. ಬರೀ ಹರಟೆಯ ಕೂಟದಲ್ಲಿ ಅಷ್ಟು ಆಗಲಿಲ್ಲ. ಇನ್ನು 2024ರ ಲ್ಯಾನ್ಸೆಟ್ ಆಯೋಗ ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿಮಾಡಿ, ಅವನ್ನೆಲ್ಲ ನಿವಾರಿಸಿದರೆ ಜಗತ್ತಿನ ಮರೆಗುಳಿ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ಬಿಪಿ, ಸಕ್ಕರೆ ಕಾಯಿಲೆ, ಕಡಿಮೆ ಓದು, ಒಂಟಿತನ, ಮಂದವಾದ ಕಣ್ಣು, ಕೇಳದ ಕಿವಿ ಎಲ್ಲ ಅದರಲ್ಲಿವೆ. ಕಿವಿಯದು ವಿಶೇಷ: ಕೇಳಿಸದವರನ್ನು ತಿಳಿಯದವರೆಂದು ಮನೆಮಂದಿ ಬಹು ಬೇಗ ತೀರ್ಮಾನಿಸಿಬಿಡುತ್ತಾರೆ.

ಆದ್ದರಿಂದ ಈ ಊರಿನಲ್ಲಿ ತಂದೆತಾಯಿಯರನ್ನು ಇಟ್ಟುಕೊಂಡ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟು. ಅವರ ನೆನಪಿನ ಬಗ್ಗೆ ಡಾಕ್ಟರ ಬಳಿ ಹೋಗುವಾಗ ಕಿವಿ, ಕಣ್ಣುಗಳನ್ನೂ ತೋರಿಸಿ ಬನ್ನಿ. ಪಾಸ್‌ಬುಕ್ಕು, ಬಜಾರು, ಅಡುಗೆಯ ಲೆಕ್ಕವನ್ನು ‘ನಿಮಗ್ಯಾಕ ತ್ರಾಸು’ ಎಂದು ಕೈಯಿಂದ ಕಸಿಯಬೇಡಿ. ವಾರಕ್ಕೊಂದು ದಿನ ಗಣೇಶನಗರದ ಕನ್ನಡ ಭವನದವರೆಗೆ ಕರೆದೊಯ್ದು ಅವರ ಮಾತು ಬಲ್ಲವರ ನಡುವೆ ಬಿಡಿ. ಮರಾಠಿ ಕಲಿಯುವ ಮನಸ್ಸಿದ್ದರೆ ಎಪ್ಪತ್ತಾಯಿತಲ್ಲ ಎನ್ನದೆ ಒಬ್ಬ ಮೇಷ್ಟ್ರನ್ನು ಗೊತ್ತುಮಾಡಿ.